ಸೊಟ್ಟ ಮನೆ ಬಿದ್ದ ಮೇಲೆ

2023ರ ಆಗಸ್ಟ್ 5ರ ರಾತ್ರಿ ಇಂಗ್ಲೆಂಡಿನ ಡಡ್ಲಿ ಊರಿನ ಹತ್ತಿರ, ಹಿಮ್ಲಿ ಅನ್ನುವ ಕಡೆ, ಒಂದು ಪಬ್ಬಿಗೆ ಬೆಂಕಿ ಬಿತ್ತು. ಹೆಸರು 'ಕ್ರೂಕೆಡ್ ಹೌಸ್', ಅಂದರೆ ಸೊಟ್ಟ ಮನೆ. 1765ರಲ್ಲಿ ತೋಟದ ಮನೆಯಾಗಿ ಕಟ್ಟಿದ್ದು. ಕೆಳಗೆ ಗಣಿ ತೋಡಿ ತೋಡಿ ನೆಲ ಕುಸಿದು, ಒಂದು ಮಗ್ಗುಲು ಇನ್ನೊಂದಕ್ಕಿಂತ ಸುಮಾರು ನಾಲ್ಕು ಅಡಿ ಕೆಳಗಿಳಿದು, ಮನೆ ಹಾಗೇ ವಾಲಿಕೊಂಡು ನಿಂತುಬಿಟ್ಟಿತ್ತು. ಒಳಗೆ ಪಟ್ಟಿಯ ಮೇಲೆ ಗೋಲಿ ಇಟ್ಟರೆ ಅದು ಮೇಲಕ್ಕೆ ಉರುಳಿದ ಹಾಗೆ ಕಾಣುತ್ತಿತ್ತು. ಆ ಸೀಮೆಯ ಮಕ್ಕಳಿಗೆ ಅದನ್ನು ತೋರಿಸೋದು ಒಂದು ಸಂಭ್ರಮ.

ಬೆಂಕಿ ಬಿದ್ದ ಎರಡೇ ದಿನಕ್ಕೆ ಅಗೆಯುವ ಯಂತ್ರ ಬಂತು. ನಮ್ಮಲ್ಲಿ ಯಾವ ಕಂಪನಿಯದ್ದಾದರೂ ಜೆಸಿಬಿ ಅಂತೀವಲ್ಲ, ಅಂಥದ್ದು. 258 ವರ್ಷ ಬೀಳದೆ ನಿಂತಿದ್ದ ಮನೆ 7ನೇ ತಾರೀಕು ಇಟ್ಟಿಗೆ ಗುಡ್ಡೆಯಾಯಿತು. ಕೈಬದಲಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಸರ್ಕಾರಿ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ. ಜನ ರೊಚ್ಚಿಗೆದ್ದರು, ಕೆಲವರು ನೆನಪಿಗೆ ಅಂತ ಇಟ್ಟಿಗೆ ಎತ್ತಿಕೊಂಡು ಹೋದರು. 2024ರ ಫೆಬ್ರವರಿಯಲ್ಲಿ ಸ್ಥಳೀಯ ಕೌನ್ಸಿಲ್ಲು 'ಮೂರು ವರ್ಷದೊಳಗೆ ಮೊದಲಿದ್ದ ಹಾಗೇ ಕಟ್ಟಿಕೊಡಿ' ಅಂತ ನೋಟಿಸು ಕೊಟ್ಟಿತು. ಮೊದಲಿದ್ದ ಹಾಗೇ ಅಂದರೆ, ಸೊಟ್ಟಗೆ! ಸೊಟ್ಟ ಗೋಡೆ ಕಟ್ಟಿದ ಅಂತ ಮೇಸ್ತ್ರಿಗೆ ಬೈಯೋದು ಗೊತ್ತು. ಸೊಟ್ಟಗೇ ಕಟ್ಟು ಅನ್ನುವ ಸರ್ಕಾರಿ ಕಾಗದ ನಾನು ಕೇಳಿದ್ದು ಇದೊಂದೇ.

ಆ ಹೊತ್ತಿಗೆ ನಮ್ಮ ಹಳೇ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕೇಳಿದ: 'ಅಲ್ಲ ಮಾರಾಯ, ಒಂದು ಬಾರ್ ಬಿದ್ದಿದ್ದಕ್ಕೆ ಇಷ್ಟು ಗೋಳಾ?'

ಪ್ರಶ್ನೆ ನ್ಯಾಯವೇ. ನಮಗೆ ಪಬ್ ಅಂದರೆ ಚರ್ಚ್ ಸ್ಟ್ರೀಟು, ಬ್ರಿಗೇಡ್ ರೋಡು, ಕಿವಿ ಗುಂಯ್‌ಗುಡುವ ಮ್ಯೂಸಿಕ್ಕು. ಬಾರ್ ಅಂದರೆ ಮಬ್ಬು ದೀಪ, ಪರಿಚಯದವರು ಕಂಡರೆ ಮುಖ ಆ ಕಡೆ ತಿರುಗಿಸೋದು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ನಂಬದ ಜನ ನಾವು. ಬ್ರಿಟನ್ನಿನ ಬೀದಿ ಮೂಲೆಯ ಪಬ್ಬನ್ನು ಈ ಎರಡೂ ಅಳತೆಗೋಲಿನಿಂದ ಅಳೆಯಲು ಆಗೋದಿಲ್ಲ. ಅಲ್ಲಿನವರು ಅದನ್ನು ಸುಮ್ನೆ 'ಲೋಕಲ್' ಅಂತಾರೆ. ನಮ್ಮ ಅರಳಿಕಟ್ಟೆ, ದರ್ಶಿನಿ ಬರುವ ಮುಂಚಿನ ಕೂತು ಹರಟುವ ಹೋಟೆಲ್ಲು, ಹಾಲಿನ ಸೊಸೈಟಿ, ಮೂರನ್ನೂ ಒಂದೇ ಸೂರಿನಡಿ ಕೂಡಿಸಿ ಅದಕ್ಕೆ ಬಿಯರು ಸುರಿದರೆ ಹೆಚ್ಚುಕಮ್ಮಿ ಹತ್ತಿರ ಬರುತ್ತದೆ.

ಪಬ್ಬಿನಲ್ಲಿ ಏನೇನು ನಡೆಯುತ್ತಿತ್ತು ಗೊತ್ತಾ? ಕೂಲಿಗಳಿಗೆ ಬಟವಾಡೆ ಅಲ್ಲೇ ಆಗುತ್ತಿತ್ತು. ಮೇಸ್ತ್ರಿ ದುಡ್ಡು ಎಣಿಸಿಕೊಡೋದು ಕೌಂಟರಿನ ಪಕ್ಕ, ಅರ್ಧ ಸಂಬಳ ಅದೇ ಕೌಂಟರಿಗೆ ವಾಪಸ್ಸು. ಇದನ್ನು ನಿಲ್ಲಿಸಲಿಕ್ಕೇ 1883ರಲ್ಲಿ ಒಂದು ಕಾನೂನು ಬೇಕಾಯಿತು. ಯಾರಾದರೂ ಅನುಮಾನಾಸ್ಪದವಾಗಿ ಸತ್ತರೆ ವಿಚಾರಣೆ ನಡೆಸೋದೂ ಎಷ್ಟೋ ಸಲ ಪಬ್ಬಿನ ದೊಡ್ಡ ಕೋಣೆಯಲ್ಲೇ, ಊರಲ್ಲಿ ಅಷ್ಟು ಜನ ಕೂರುವ ಜಾಗ ಬೇರೆ ಎಲ್ಲಿತ್ತು? ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ಹುಟ್ಟಿದ್ದು 1863ರ ಅಕ್ಟೋಬರ್ 26ರಂದು, ಲಂಡನ್ನಿನ ಫ್ರೀಮೇಸನ್ಸ್ ಟಾವರ್ನ್‌ನಲ್ಲಿ ಸೇರಿದ ಸಭೆಯಿಂದ. ವರ್ಷವಿಡೀ ವಾರಕ್ಕಿಷ್ಟು ಅಂತ ಕಟ್ಟಿ ಕ್ರಿಸ್‌ಮಸ್ಸಿಗೆ ಎತ್ತುವ ಕ್ಲಬ್ಬುಗಳಿದ್ದವು, ನಮ್ಮ ಚೀಟಿ ವ್ಯವಹಾರದ ಥರ. ಬ್ಯಾಂಕಿನ ಬಾಗಿಲು ಕಾಣದ ಬಡವರ ಉಳಿತಾಯ, ಸಾಲ, ಸಾವಿನ ಖರ್ಚು ಎಲ್ಲದಕ್ಕೂ ಪಬ್ಬಿನ ಹಿಂದಿನ ಕೋಣೆಯೇ ಕಚೇರಿ.

ಹಾಗಂತ ಇದೇನೂ ಬರೀ ಕಾಲದಿಂದ ಬಂದ ಸಹಜ ಸಂಪ್ರದಾಯ ಅಂದುಕೊಳ್ಳಬೇಡಿ. ಇದರ ಹಿಂದೆ ಸರ್ಕಾರದ ಕೈ ಜಾಸ್ತಿ ಇದೆ. ಜನ ಜಿನ್ ಕುಡಿದು ಹಾಳಾಗುತ್ತಿದ್ದಾರೆ, ಬಿಯರಾದರೂ ಕುಡಿಯಲಿ ಅಂತ 1830ರಲ್ಲಿ ಒಂದು ಕಾನೂನು ತಂದರು. ಕಂದಾಯ ಕಟ್ಟುವ ಯಾರಾದರೂ ಎರಡು ಗಿನಿ ಕೊಟ್ಟು ಲೈಸೆನ್ಸು ತೊಗೊಂಡು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಿಯರು ಮಾರಬಹುದಿತ್ತು. ಸಾವಿರಗಟ್ಟಲೆ ಮನೆಗಳು ರಾತ್ರೋರಾತ್ರಿ ಅನ್ನುವ ಹಾಗೆ ಬಿಯರಂಗಡಿಯಾದವು. ಬೀದಿ ಮೂಲೆಯ ಎಷ್ಟೋ ಪುಟ್ಟ ಪಬ್ಬುಗಳ ಮೂಲ ಇಲ್ಲಿದೆ.

ಈಗ ಅವು ಒಂದೊಂದಾಗಿ ಮುಚ್ಚುತ್ತಿವೆ. 2000ದಲ್ಲಿ ಸುಮಾರು 60 ಸಾವಿರ ಇದ್ದ ಬ್ರಿಟನ್ನಿನ ಪಬ್ಬುಗಳು ಈಗ ಸುಮಾರು 45 ಸಾವಿರ. ಸೂಪರ್‌ ಮಾರ್ಕೆಟ್ಟಿನ ಅಗ್ಗದ ಬಿಯರು, ತೆರಿಗೆ, ಕರೆಂಟು ಬಿಲ್ಲು, ಕೊರೊನಾ, ಇವೆಲ್ಲ ಗೊತ್ತಿರುವ ಕಾರಣಗಳೇ. ಗೊತ್ತಿಲ್ಲದ್ದು ಒಂದಿದೆ. ದೊಡ್ಡ ಬಿಯರ್ ಕಂಪನಿಗಳ ಕೈಯಲ್ಲಿ ಸಾವಿರಾರು ಪಬ್ಬುಗಳಿದ್ದವು. ಅವರ ಏಕಸ್ವಾಮ್ಯ ಮುರಿಯಬೇಕು ಅಂತ 1989ರಲ್ಲಿ ಸರ್ಕಾರ ಒಂದು ಆದೇಶ ತಂದಿತು. ಕಂಪನಿಗಳು ಪಬ್ಬುಗಳನ್ನು ಮಾರಿದವು, ನಿಜ. ಕೊಂಡುಕೊಂಡವರು ಯಾರು? ಬಿಯರು ತಯಾರಿಸದ, ಪಬ್ಬುಗಳನ್ನು ಬಾಡಿಗೆ ಆಸ್ತಿಯಾಗಿ ಲೆಕ್ಕ ಹಾಕುವ ಹೊಸ ಕಂಪನಿಗಳು. ಆಸ್ತಿ ಅಂದ ಮೇಲೆ ಮುಗಿಯಿತಲ್ಲ. ದಿನಕ್ಕೆ ನೂರು ಗ್ಲಾಸು ಮಾರುವ ಪಬ್ಬಿಗಿಂತ ಅದೇ ಜಾಗದಲ್ಲಿ ಎದ್ದ ಆರು ಫ್ಲಾಟಿನ ಬೆಲೆ ಎಲ್ಲಿ ಹೋಯಿತು? ಬೆಂಗಳೂರಲ್ಲಿ ಸಿಂಗಲ್ ಸ್ಕ್ರೀನ್ ಟಾಕೀಸುಗಳ ಗತಿ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಉಳಿಸುವ ಪ್ರಯತ್ನ ಇಲ್ಲ ಅಂತಲ್ಲ. ಲಂಡನ್ನಿನ ಕಾರ್ಲ್‌ಟನ್ ಟಾವರ್ನ್ ಕತೆ ಕೇಳಿ. 1920-21ರಲ್ಲಿ ಕಟ್ಟಿದ ಪಬ್ಬು. ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸುವ ಮಾತು ನಡೆಯುತ್ತಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ, ಮಾಲೀಕರು ಅನುಮತಿ ಇಲ್ಲದೆ ಕೆಡವಿಹಾಕಿದರು. ಕೌನ್ಸಿಲ್ಲು ಬಿಡಲಿಲ್ಲ. ಇಟ್ಟಿಗೆ ಇಟ್ಟಿಗೆಯೂ ಮೊದಲಿನ ಥರವೇ ಕಟ್ಟಬೇಕು ಅಂತ ಪಟ್ಟು ಹಿಡಿಯಿತು. ಆರು ವರ್ಷದ ಮೇಲೆ, 2021ರ ಏಪ್ರಿಲ್‌ನಲ್ಲಿ, ಅದೇ ಜಾಗದಲ್ಲಿ ಅದೇ ರೂಪದ ಪಬ್ಬು ಮತ್ತೆ ತೆರೆಯಿತು. 2017ರಿಂದ ಇಂಗ್ಲೆಂಡಿನಲ್ಲಿ ಪಬ್ಬು ಕೆಡವಲು ಅಥವಾ ಅದನ್ನು ಬೇರೆ ಅಂಗಡಿಯಾಗಿಸಲು ಯೋಜನಾ ಅನುಮತಿ ಬೇಕೇ ಬೇಕು. 2011ರ ಒಂದು ಕಾನೂನಿನ ಪ್ರಕಾರ ಊರವರು ತಮ್ಮ ಪಬ್ಬನ್ನು 'ಸಮುದಾಯದ ಸ್ವತ್ತು' ಅಂತ ನೋಂದಾಯಿಸಬಹುದು. ಆಮೇಲೆ ಮಾಲೀಕ ಮಾರಲು ಹೊರಟರೆ, ಊರವರು ದುಡ್ಡು ಹೊಂದಿಸಿಕೊಳ್ಳಲಿ ಅಂತ ಅವನು ಆರು ತಿಂಗಳು ಕಾಯಬೇಕಾಗುತ್ತದೆ. ಹೀಗೆ ಮೊದಲು ನೋಂದಣಿಯಾಗಿದ್ದು ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್. 2013ರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಷೇರು ಹಾಕಿ ಅದನ್ನು ಕೊಂಡುಕೊಂಡರು. ಈಗ ಅದು ಸಹಕಾರಿ ಪಬ್ಬು. ನಮ್ಮ ಕಡೆ ಸಹಕಾರಿ ಸಂಘದಲ್ಲಿ ಹಾಲು, ಗೊಬ್ಬರ, ಅಲ್ಲಿ ಬಿಯರು.

ಇಲ್ಲೇ ನನ್ನ ತಕರಾರು ಶುರುವಾಗೋದು. ಈ ಕಾನೂನುಗಳು ಕಾಪಾಡೋದು ಒಂದೋ ಇಟ್ಟಿಗೆ, ಇಲ್ಲಾ ವ್ಯಾಪಾರ. ಆ ಇಟ್ಟಿಗೆಗಳ ನಡುವೆ ಕೂತವರು ಯಾರು, ಯಾರನ್ನು ಕೂರಲು ಬಿಡಲಿಲ್ಲ, ಏನು ಮಾತಾಡಿದರು, ಯಾವುದಕ್ಕೆ ಜಗಳ ಆಡಿದರು ಅನ್ನೋದನ್ನು ಯಾವ ಕೌನ್ಸಿಲ್ಲೂ ನೋಟಿಸು ಕೊಟ್ಟು ಮತ್ತೆ ಕಟ್ಟಿಸಲು ಸಾಧ್ಯವಿಲ್ಲ. ಪಟ್ಟಿಗೆ ಸೇರುವ ಪಬ್ಬುಗಳು ಎಂಥವು ನೋಡಿ. ಲಿವರ್‌ಪೂಲಿನ ಫಿಲ್‌ಹಾರ್ಮೋನಿಕ್ ಪಬ್ಬಿಗೆ 2020ರಲ್ಲಿ ಮೊದಲ ದರ್ಜೆಯ ಮಾನ್ಯತೆ ಸಿಕ್ಕಿತು. ಅರಮನೆಯ ಥರ ಇದೆ, ಮೊಸಾಯಿಕ್ಕು, ಕೆತ್ತನೆ, ಗಂಡಸರ ಶೌಚಾಲಯದಲ್ಲೂ ಅಮೃತಶಿಲೆ. ಸಿಗಲೇಬೇಕಾದ್ದೇ, ಬಿಡಿ. ಆದರೆ ಗಣಿ ಕೆಲಸಗಾರರ ಬೀದಿಯಲ್ಲಿದ್ದ, ಅಂದಚಂದ ಏನೂ ಇಲ್ಲದ, ಬಣ್ಣ ಕಿತ್ತುಹೋದ ಪಬ್ಬಿಗೆ ಅಮೃತಶಿಲೆ ಎಲ್ಲಿಂದ ಬರಬೇಕು? ಅದರ ಬೆಲೆ ಇದ್ದದ್ದು ಜನರಲ್ಲಿ.

ಒಂದು ಅಪವಾದ ಹೇಳಲೇಬೇಕು. ಲಂಡನ್ನಿನ ರಾಯಲ್ ವಾಕ್ಸ್‌ಹಾಲ್ ಟಾವರ್ನ್ ದಶಕಗಳ ಕಾಲ ಸಲಿಂಗಿ ಸಮುದಾಯದವರು ಹೆದರದೆ ಸೇರುತ್ತಿದ್ದ ಜಾಗ. 2015ರಲ್ಲಿ ಅದನ್ನು ಪಟ್ಟಿಗೆ ಸೇರಿಸಿದ್ದು ಈ ಚರಿತ್ರೆಯನ್ನು ನೋಡಿಯೇ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ಕಟ್ಟಡವೂ ಮಾತಾಡುತ್ತದೆ, ಅದನ್ನೂ ಒಪ್ಪುತ್ತೇನೆ. ಲಂಡನ್ನಿನ ಬ್ಲೂಮ್ಸ್‌ಬರಿಯ 'ಲ್ಯಾಂಬ್' ಪಬ್ಬಿನ ಕೌಂಟರಿನ ಮೇಲೆ, ಮುಖದ ಎತ್ತರಕ್ಕೆ ಸರಿಯಾಗಿ, ಚಿತ್ತಾರದ ಗಾಜಿನ ಪುಟ್ಟ ಪುಟ್ಟ ಕಿಟಕಿಗಳಿವೆ. ನಡುವೆ ಕೀಲು, ತಿರುಗಿಸಿದರೆ ತೆರೆಯುತ್ತವೆ. ಗ್ಲಾಸು ದಾಟಿಸಲು ಕೆಳಗೆ ಜಾಗ. ಯಾಕಿವು ಅಂದರೆ, ಈ ಕಡೆ ಕುಡಿಯುವ ದೊಡ್ಡ ಮನುಷ್ಯರ ಮುಖ ಆ ಕಡೆ ಬಡಿಸುವವನಿಗೆ ಕಾಣಬಾರದು! ಕೈ ಮಾತ್ರ ಕಂಡರೆ ಸಾಕು. ಹಳೆಯ ಪಬ್ಬುಗಳಲ್ಲಿ ಕೂಲಿಯವರಿಗೆ ಒಂದು ಕೋಣೆ, ಕಾಲರಿನವರಿಗೆ ಒಂದು, ಮುಚ್ಚುಮರೆಯಾಗಿ ಕೂರುವವರಿಗೆ ಇನ್ನೊಂದು ಗೂಡು, ಮನೆಗೆ ಕೊಂಡೊಯ್ಯುವವರಿಗೆ ಬೇರೆ ಕಿಂಡಿ. ಒಂದೇ ಪೀಪಾಯಿ, ನಾಲ್ಕು ಬಾಗಿಲು. ಎರಡನೇ ಯುದ್ಧದ ನಂತರ ಎಷ್ಟೋ ಕಡೆ ಈ ಅಡ್ಡಗೋಡೆಗಳನ್ನು ಒಡೆದು ಒಂದೇ ಹಜಾರ ಮಾಡಿದರು. ವರ್ಗಭೇದದ ಸಾಕ್ಷಿ ಅಲ್ಲಿಗೆ ಕಸದ ಲಾರಿ ಹತ್ತಿತು.

ಹಾಗಾದರೆ ಕಾಗದಪತ್ರ? ಅದು ರಾಶಿ ರಾಶಿ ಇದೆ. 1552ರಿಂದಲೇ ಅಲ್ಲಿ ಮದ್ಯ ಮಾರುವವರು ಲೈಸೆನ್ಸು ತೊಗೊಂಡು, ಗಲಾಟೆ ಆಗದಂತೆ ನೋಡಿಕೊಳ್ಳುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಅಂಥ ಕಾಗದಗಳು ಇವತ್ತಿಗೂ ಸಿಗುತ್ತವೆ. ಯಾರು ನಡೆಸಿದರು, ಯಾವ ವರ್ಷ ದಂಡ ಬಿತ್ತು, ಯಾವಾಗ ಕೈಬದಲಾಯಿತು ಎಲ್ಲ ಗೊತ್ತಾಗುತ್ತದೆ. ಆದರೆ ಅದೆಲ್ಲ ಅಬಕಾರಿ ಕಣ್ಣು. ನಮ್ಮ ಹಳ್ಳಿಗಳ ಚರಿತ್ರೆಯನ್ನು ಬರೀ ಪೊಲೀಸ್ ಠಾಣೆಯ ಎಫ್‌ಐಆರ್‌ಗಳಿಂದ ಬರೆದರೆ ಹೇಗಿರುತ್ತದೆ? ಹಾಗೆ.

ಒಳಗಿನ ಕಣ್ಣಿಂದ ನೋಡಿದವರು ಅಪರೂಪ. 1937ರಲ್ಲಿ 'ಮಾಸ್ ಅಬ್ಸರ್ವೇಶನ್' ಅನ್ನುವ ಗುಂಪಿನವರು ಬೋಲ್ಟನ್ ಅನ್ನುವ ಹತ್ತಿ ಗಿರಣಿ ಊರಿಗೆ ಹೋಗಿ ಅಲ್ಲಿನ ಪಬ್ಬುಗಳಲ್ಲಿ ಸುಮ್ನೆ ಕೂತರು. ಸುಮ್ನೆ ಅಂದರೆ, ಕೂತು ಎಲ್ಲವನ್ನೂ ಬರೆದುಕೊಂಡರು. ಯಾರು ಎಲ್ಲಿ ಕೂರುತ್ತಾರೆ, ಒಂದು ಗ್ಲಾಸಿಗೆ ಎಷ್ಟು ಹೊತ್ತು, ಯಾವ ಕೋಣೆಗೆ ಹೆಂಗಸರು ಕಾಲಿಡುವುದಿಲ್ಲ, ಪೀಕದಾನಿ ಎಲ್ಲಿದೆ. ಒಟ್ಟಿಗೆ ಬಂದವರ ಗ್ಲಾಸುಗಳಲ್ಲಿ ಬಿಯರು ಸಮಸಮನಾಗಿ ಇಳಿಯುತ್ತದೆ, ಯಾರೂ ಮುಂದೆ ಹೋಗೋದಿಲ್ಲ, ಹಿಂದೆ ಬೀಳೋದಿಲ್ಲ ಅನ್ನೋದನ್ನೂ ಅವರು ಗಮನಿಸಿದರು. ಎಂಥಾ ಸಣ್ಣ ಸಂಗತಿ! ಯಾವ ಲೈಸೆನ್ಸು ಪುಸ್ತಕದಲ್ಲಿ ಇದು ಸಿಗುತ್ತದೆ ಹೇಳಿ. ಆ ಟಿಪ್ಪಣಿಗಳು ಇವತ್ತು ಸಸೆಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಅವರು ಕೂತ ಪಬ್ಬು ಬಿದ್ದುಹೋಗಿದ್ದರೂ ಅಲ್ಲಿನ ಒಂದು ಸಂಜೆ ಉಳಿದಿದೆ. ಕಾರ್ಲ್‌ಟನ್ ಟಾವರ್ನಿಗೆ ತದ್ವಿರುದ್ಧ.

ಇಷ್ಟಕ್ಕೇ ನಿಲ್ಲಿಸಿದರೆ 'ಅಯ್ಯೋ ಆ ಕಾಲವೇ ಚೆನ್ನಾಗಿತ್ತು' ಅನ್ನುವ ಹಳಹಳಿಕೆ ಆಗುತ್ತದೆ. ಪಬ್ಬುಗಳ ವಿಷಯದಲ್ಲಿ ಈ ಹಳಹಳಿಕೆ ಸಿಕ್ಕಾಪಟ್ಟೆ. ಬೆಂಕಿಗೂಡು, ನಾಯಿ, ನಗುಮುಖದ ಮಾಲೀಕ. ಬಾಗಿಲಲ್ಲಿ ತಡೆದು ನಿಲ್ಲಿಸಿದವರು ಈ ಚಿತ್ರದೊಳಗೆ ಬರೋದೇ ಇಲ್ಲ.

ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್ ಊರಿನ ಎರಕದ ಕಾರ್ಖಾನೆಗಳಿಗೆ 1950, 60ರ ದಶಕದಲ್ಲಿ ಪಂಜಾಬಿನಿಂದ ತುಂಬಾ ಜನ ಬಂದರು. ಇಡೀ ದಿನ ಕುಲುಮೆಯ ಮುಂದೆ ಬೆಂದು ಸಂಜೆ ಒಂದು ಗ್ಲಾಸು ಬಿಯರಿಗೆ ಹೋದರೆ, ಕೆಲವು ಪಬ್ಬುಗಳು ಒಳಗೇ ಬಿಡುತ್ತಿರಲಿಲ್ಲ. ಇನ್ನು ಕೆಲವು, ಆ ಕೋಣೆಗೆ ಬರಬೇಡಿ, ಈ ಕೋಣೆಯಲ್ಲಿ ಕುಡಿಯಿರಿ ಅನ್ನುತ್ತಿದ್ದವು. ನಮಗೆ ಇದನ್ನು ಯಾರೂ ಅರ್ಥ ಮಾಡಿಸಬೇಕಾಗಿಲ್ಲ. ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟ ನಾಡು ನಮ್ಮದು. ಇಂಡಿಯನ್ ವರ್ಕರ್ಸ್ ಅಸೋಸಿಯೇಶನ್‌ನ ಅವತಾರ್ ಸಿಂಗ್ ಜೌಹಲ್, ತಾವೂ ಎರಕದ ಕೆಲಸಗಾರರೇ, ಇದಕ್ಕೊಂದು ಉಪಾಯ ಮಾಡಿದರು. ವಿಶ್ವವಿದ್ಯಾಲಯದ ಬಿಳಿಯ ವಿದ್ಯಾರ್ಥಿಗಳನ್ನು ಜೊತೆಗೆ ಕಟ್ಟಿಕೊಂಡು ಪಬ್ಬಿನಿಂದ ಪಬ್ಬಿಗೆ ಹೋಗುವುದು. ಬಿಳಿಯ ಹುಡುಗರಿಗೆ ಬಡಿಸುತ್ತೀಯಲ್ಲ, ನಮಗೆ ಯಾಕಿಲ್ಲ? ತಾರತಮ್ಯವನ್ನು ಕಣ್ಣೆದುರೇ ಬಯಲಿಗೆಳೆಯುವ ಲೆಕ್ಕಾಚಾರ. 1965ರ ಫೆಬ್ರವರಿ 12ರಂದು ಅಮೆರಿಕದಿಂದ ಅಲ್ಲಿನ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಇದೇ ಸ್ಮೆದಿಕ್‌ಗೆ ಬಂದಾಗ ಅವರನ್ನು ಜೌಹಲ್ 'ಬ್ಲೂ ಗೇಟ್ಸ್' ಪಬ್ಬಿಗೆ ಕರೆದೊಯ್ದರು. ಅಲ್ಲಿನ ಸ್ಮೋಕ್ ರೂಮಿನಲ್ಲಿ, ಅಂದರೆ ಸ್ವಲ್ಪ ಮೇಲ್ದರ್ಜೆಯ ಕೋಣೆಯಲ್ಲಿ, ಇವರಿಗೆ ಬಡಿಸಲಿಲ್ಲ. ಒಂಬತ್ತು ದಿನದ ಮೇಲೆ ನ್ಯೂಯಾರ್ಕಿನಲ್ಲಿ ಮಾಲ್ಕಮ್ ಕೊಲೆಯಾಯಿತು. ಅದಕ್ಕೂ ಮುಂಚೆ, 1964ರಲ್ಲಿ, ಬ್ರಿಸ್ಟಲ್ಲಿನ ಬೇ ಹಾರ್ಸ್ ಪಬ್ಬಿನಲ್ಲಿ ಪಾಲ್ ಸ್ಟೀಫನ್‌ಸನ್ ಅನ್ನುವ ಕಪ್ಪು ಹೋರಾಟಗಾರ ಬಡಿಸದಿದ್ದರೆ ಎದ್ದು ಹೋಗುವುದಿಲ್ಲ ಅಂತ ಕೂತುಬಿಟ್ಟಿದ್ದರು. ಪೊಲೀಸರು ಹಿಡಿದರು, ಕೇಸು ನಿಲ್ಲಲಿಲ್ಲ. 1965ರ ಕೊನೆಗೆ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ತಾರತಮ್ಯ ಮಾಡುವುದನ್ನು ನಿಷೇಧಿಸುವ ಮೊದಲ ಕಾನೂನು ಬಂತು. ಪಬ್ಬುಗಳೂ ಅದರೊಳಗೆ ಬಂದವು.

ಹೆಂಗಸರ ಕತೆ ಇನ್ನೂ ನಿಧಾನ. ಪತ್ರಿಕೆಯವರ ಬೀದಿಯಾಗಿದ್ದ ಫ್ಲೀಟ್ ಸ್ಟ್ರೀಟಿನ ಎಲ್ ವಿನೋ ಬಾರಿನಲ್ಲಿ ಹೆಂಗಸರು ಕೌಂಟರಿನ ಹತ್ತಿರ ನಿಂತು ಕುಡಿಯುವಂತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಕೂರಬೇಕು. ಸುದ್ದಿ ಹುಟ್ಟೋದು ಕೌಂಟರಿನ ಹತ್ತಿರ ಅನ್ನೋದು ಎಲ್ಲರಿಗೂ ಗೊತ್ತು. ಕೋರ್ಟು ಇದನ್ನು ತಪ್ಪು ಅಂದಿದ್ದು 1982ರಲ್ಲಿ! 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆದದ್ದನ್ನು ಟೀವಿಯಲ್ಲಿ ಕಂಡವರು ನಾವು. ಯಾರು ಎಲ್ಲಿ ಕೂತು ಏನು ಕುಡಿಯಬೇಕು ಅನ್ನುವ ಜಗಳ ಎಲ್ಲ ಕಡೆಯೂ ಗ್ಲಾಸಿನ ಬಗ್ಗೆ ಕಮ್ಮಿ, ಕುರ್ಚಿಯ ಬಗ್ಗೆ ಜಾಸ್ತಿ.

ಆ ಕುರ್ಚಿ ಮುಂದೆ ಯಾರ ಕೈಗೆ ಬಂತು ನೋಡಿ. ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಸುತ್ತಮುತ್ತ ಕಾರ್ಖಾನೆಗಳು ಮುಚ್ಚಿ ಹಳೆಯ ಗಿರಾಕಿಗಳು ಕರಗಿದಾಗ, ಅಲ್ಲಿನ ಎಷ್ಟೋ ಪಬ್ಬುಗಳನ್ನು ವಹಿಸಿಕೊಂಡವರು ಪಂಜಾಬಿಗಳು. ಈಗ ಅವಕ್ಕೆ 'ದೇಸಿ ಪಬ್' ಅನ್ನುವ ಹೆಸರೇ ಬಿದ್ದಿದೆ. ಕೆಲಸದ ಮೇಲೆ ಎರಡು ವರ್ಷ ಆ ಕಡೆ ಇದ್ದಾಗ ಅಂಥ ಒಂದು ಪಬ್ಬಿಗೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಾದ ಕಬ್ಬಿಣದ ತಟ್ಟೆಯಲ್ಲಿ ಈರುಳ್ಳಿಯ ಮೇಲೆ ಚುರ್ರೆನ್ನುವ ಮಿಕ್ಸೆಡ್ ಗ್ರಿಲ್ಲು, ಪಕ್ಕದ ಟೇಬಲ್ಲಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಬಿಳಿಯ ಮುದುಕರು ನಾನಿನಲ್ಲಿ ಅದ್ದಿಕೊಂಡು ತಿನ್ನುತ್ತಾ ಫುಟ್ಬಾಲ್ ನೋಡುತ್ತಿರುತ್ತಿದ್ದರು. ಆ ಊರಿನ ಎಷ್ಟೋ ಬೀದಿಮೂಲೆಯ ಪಬ್ಬುಗಳು ಇವತ್ತಿಗೂ ಬಾಗಿಲು ತೆಗೆದಿವೆ ಅಂದರೆ ಅದಕ್ಕೆ ಒಂದು ಕಾಲಕ್ಕೆ ಅದೇ ಊರಿನಲ್ಲಿ ಹೊರಗೆ ನಿಲ್ಲಿಸಿದವರ ಮಕ್ಕಳು ಕಾರಣ. ಇದು ಕಟ್ಟಡದ ಪಟ್ಟಿಯಲ್ಲಿ ಎಲ್ಲಿ ಬರೆದಿರುತ್ತದೆ? ಹೇಳಬೇಕಾದವರು ಕಡಿಮೆಯಾಗುತ್ತಿದ್ದಾರೆ. ಜೌಹಲ್ 2022ರಲ್ಲಿ ತೀರಿಕೊಂಡರು.

ಈ ವಿಷಯದಲ್ಲಿ ನಾವು ಬೀಗುವ ಹಾಗೇನೂ ಇಲ್ಲ. ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗರೇಟು ನಿಂತಿದ್ದು 2007ರ ಜುಲೈ 1ರಂದು. ಅದೇ ದಿನ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಅಲ್ಲಿ ಪಬ್ಬಿನ ವಾಸನೆ ಬದಲಾಯಿತು ಅಂತ ಪುಟಗಟ್ಟಲೆ ಬರೆದರು. ಇಲ್ಲಿ ಊರೂರಿನ ಸಾರಾಯಿ ಅಂಗಡಿಗಳು ಒಂದೇ ದಿನಕ್ಕೆ ಇಲ್ಲವಾದವು. ನಿಷೇಧ ತಪ್ಪು ಅಂತ ಹೇಳುತ್ತಿಲ್ಲ, ಸಾರಾಯಿ ಸುಟ್ಟ ಮನೆಗಳ ಲೆಕ್ಕ ನನಗೂ ಗೊತ್ತು. ಆದರೆ ಆ ಅಂಗಡಿ ಮುಂದೆ ಬಟವಾಡೆ ದಿನ ಗಂಡನಿಗಾಗಿ ಕಾದು ನಿಂತ ಹೆಂಗಸು, ಉದ್ರಿ ಪುಸ್ತಕ, ಹರಾಜು ಕೂಗಿದ ಕಂಟ್ರಾಕ್ಟರು, ಉಪ್ಪಿನಕಾಯಿ ಮಾರುತ್ತಿದ್ದ ಹುಡುಗ, ಅಂಗಡಿ ಮುಚ್ಚಿಸಲು ಪೊರಕೆ ಹಿಡಿದು ಬಂದ ಹೆಣ್ಣುಮಕ್ಕಳು, ಇವರೆಲ್ಲರ ಕತೆಯೂ ಚರಿತ್ರೆಯೇ ಅಲ್ವಾ? ಕೆಟ್ಟದ್ದು ಅಂದ ಮಾತ್ರಕ್ಕೆ ಬರೆದಿಡಬಾರದು ಅಂತೇನಿಲ್ಲ. ಗಡಂಗು ಅನ್ನುವ ಪದವೇ ಈಗಿನ ಹುಡುಗರಿಗೆ ಗೊತ್ತಿಲ್ಲ.

ನಾನಿದ್ದ ಬೀದಿಯ ಹತ್ತಿರದ ಇನ್ನೊಂದು ಪಬ್ಬು, ಹೆಸರು ಬೇಡ, ನಾನು ಹೊರಡುವ ಮುಂಚಿನ ಚಳಿಗಾಲದಲ್ಲಿ ಮುಚ್ಚಿತು. ಒಂದು ಬೆಳಿಗ್ಗೆ ಹಾದುಹೋಗುವಾಗ ಮುಂದೆ ಕಬ್ಬಿಣದ ದೊಡ್ಡ ಕಸದ ತೊಟ್ಟಿ ನಿಂತಿತ್ತು. ಕುರ್ಚಿ ಕಾಲು, ಹರಿದ ಕಾರ್ಪೆಟ್ಟು, ಅವುಗಳ ಮೇಲೆ ಮಳೆಯಲ್ಲಿ ನೆನೆಯುತ್ತಾ ಒಂದು ಕಪ್ಪು ಮರದ ಹಲಗೆ. ಡಾರ್ಟ್ಸ್ ಆಟದಲ್ಲಿ ಗೆದ್ದವರ ಹೆಸರುಗಳು, ಚಿನ್ನದ ಬಣ್ಣದಲ್ಲಿ, 1958ರಿಂದ 1994ರವರೆಗೆ. ಮೊದಲ ಇಪ್ಪತ್ತು ವರ್ಷ ಎರಡೇ ಮನೆತನದ ಹೆಸರು ಅದಲುಬದಲು. ಆಮೇಲೆ ಒಂದು ಸಿಂಗ್. ಆಮೇಲೆ ಮತ್ತೆ ಸಿಂಗ್. 1985ರ ಎದುರು ಒಂದು ಹೆಂಗಸಿನ ಹೆಸರು.

ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ವಯಸ್ಸಾದವರೊಬ್ಬರು ನಾನು ನೋಡುತ್ತಿರೋದನ್ನು ಕಂಡು ತಾವಾಗಿಯೇ ಶುರುಮಾಡಿದರು. ಆ ಎರಡು ಮನೆತನ ಯಾಕೆ ಮಾತು ಬಿಟ್ಟಿದ್ದು, ಮೊದಲ ಸಿಂಗ್ ಗೆದ್ದ ರಾತ್ರಿ ಏನಾಯಿತು, ಆ ಹೆಂಗಸು ಯಾರ ಮಗಳು. ಅರ್ಧ ಗಂಟೆಗೂ ಜಾಸ್ತಿ ಹೇಳಿದರು. ನಾನು ತುಂತುರು ಮಳೆಯಲ್ಲಿ ತಲೆಯಾಡಿಸುತ್ತಾ ನಿಂತಿದ್ದೆ, ಬಸ್ಸು ತಪ್ಪಿತು ಅಂತ ಒಳಗೊಳಗೇ ಬೈದುಕೊಳ್ಳುತ್ತಾ. ಈಗ ಎಷ್ಟು ತಲೆ ಕೆರೆದುಕೊಂಡರೂ ಆ ಎರಡು ಮನೆತನದ ಹೆಸರು ನೆನಪಿಗೆ ಬರುತ್ತಿಲ್ಲ. ಫೋನು ಜೇಬಲ್ಲೇ ಇತ್ತು.